ಬಾರ್ನ್ ಮನೆಯಾಗುವ ಮುನ್ನ: ಎಸೆಕ್ಸ್‌ನ ಓಕ್ ಚೌಕಟ್ಟುಗಳನ್ನು ದಾಖಲಿಸುವ ಬಗೆ

ಇಂಗ್ಲೆಂಡಿನ ಎಸೆಕ್ಸ್, ಸಫೊಕ್, ಕೆಂಟ್ ಕಡೆ ಹೊಲಗಳ ನಡುವೆ ಟಾರು ಬಳಿದ ಕಪ್ಪು ಹಲಗೆ ಹೊದ್ದು ನಿಂತ ಎತ್ತರದ ಬಾರ್ನ್‌ಗಳು ಇನ್ನೂ ಬಹಳ ಇವೆ. ಕೊಯ್ದ ಪೈರನ್ನು ಕೂಡಿಡುವುದಕ್ಕೆ, ಚಳಿಗಾಲವಿಡೀ ಒಳಗೇ ಬಡಿದು ಒಕ್ಕುವುದಕ್ಕೆ ಕಟ್ಟಿದವು ಇವು. ಕಂಬೈನ್ ಯಂತ್ರ ಬಂದ ಮೇಲೆ ಒಕ್ಕಣೆ ಹೊಲದಲ್ಲೇ ಮುಗಿಯುತ್ತದೆ. ಈಗಿನ ಯಂತ್ರಗಳು ಇವುಗಳ ಬಾಗಿಲಲ್ಲಿ ತೂರುವುದೂ ಇಲ್ಲ. ಕೆಲಸವಿಲ್ಲದ ಕಟ್ಟಡಕ್ಕೆ ಚಾವಣಿ ರಿಪೇರಿಯ ಖರ್ಚು ಮಾತ್ರ ತಪ್ಪಿದ್ದಲ್ಲ, ಆದ್ದರಿಂದ ಮಾಲೀಕರು ಅದನ್ನು ವಾಸದ ಮನೆಯಾಗಿಸಲು ಅನುಮತಿ ಕೇಳುತ್ತಾರೆ.

ಮಲೆನಾಡಿನ ತೊಟ್ಟಿಮನೆ ನೋಡಿದವರಿಗೆ ಕಂಬ, ತೊಲೆ, ಜಂತಿ, ಪಕಾಸಿ ಹೊಸದಲ್ಲ. ಆದರೆ ಇಲ್ಲಿ ಗೋಡೆಯೂ ಮರವೇ. ಇಟ್ಟಿಗೆ ಅಥವಾ ಫ್ಲಿಂಟ್ ಕಲ್ಲಿನ ಗಿಡ್ಡ ಅಡಿಗಟ್ಟಿನ ಮೇಲೆ ಬುಡದ ತೊಲೆ, ಅದರ ಮೇಲೆ ಮುಖ್ಯ ಕಂಬಗಳು, ಅವುಗಳ ನಡುವೆ ಒತ್ತೊತ್ತಾಗಿ ಸಣ್ಣ ಕಂಬಗಳು, ನೆತ್ತಿಯ ಮೇಲೆ ಉದ್ದಕ್ಕೂ ಓಡುವ ಗೋಡೆತೊಲೆ. ಕಂಬದ ತಲೆ ಮೇಲಕ್ಕೆ ಹೋದಂತೆ ದಪ್ಪವಾಗಿ ಗೋಡೆತೊಲೆಯನ್ನೂ ಅಡ್ಡತೊಲೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಅಡ್ಡತೊಲೆ ಗೋಡೆತೊಲೆಯ ಮೇಲೆ ಪಾರಿವಾಳದ ಬಾಲದಾಕಾರದ ಕಚ್ಚಿನಲ್ಲಿ ಕೂರುತ್ತದೆ. ಮಧ್ಯದ ಒಂದು ಅಂಕಣದಲ್ಲಿ ಎದುರುಬದುರು ದೊಡ್ಡ ಬಾಗಿಲುಗಳಿದ್ದು, ಅವು ತೆರೆದಾಗ ಬೀಸುವ ಗಾಳಿಗೆ ಕಾಳು ತೂರುತ್ತಿದ್ದರು. ಆ ಅಂಕಣದ ಮುಂದೆ ಚಾಚಿದ ಭಾಗಕ್ಕೆ ಎಸೆಕ್ಸ್‌ನವರು ಮಿಡ್‌ಸ್ಟ್ರೇ ಎನ್ನುತ್ತಾರೆ. ಎಸೆಕ್ಸ್‌ನದೇ ಕ್ರೆಸಿಂಗ್ ಟೆಂಪಲ್‌ನಲ್ಲಿ ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಯೋಧಸಂಘದ ಕಾಲದ ಎರಡು ಬಾರ್ನ್‌ಗಳು 13ನೇ ಶತಮಾನದಿಂದ ನಿಂತಿವೆ. ಹೀತ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್ ಬಾರ್ನ್ 1426ರ ಸುಮಾರಿನದು, 12 ಅಂಕಣ, ಉದ್ದ ಸುಮಾರು 58 ಮೀಟರ್. ಇವೆಲ್ಲಕ್ಕೂ ರಕ್ಷಣೆ ಇದೆ. ಈ ಬರಹ ಹೆಸರಿಲ್ಲದ ಸಾಮಾನ್ಯ ಬಾರ್ನ್‌ಗಳ ಬಗ್ಗೆ. ಮನೆಯಾಗುವುದು ಅವೇ, ಮತ್ತು ಅವುಗಳ ವಿಷಯದಲ್ಲಿ ನಾವು ಬರೆದಿಟ್ಟಷ್ಟೇ ಮುಂದಿನವರಿಗೆ ಸಿಗುವುದು.

ದಾಖಲೆಯ ತಿರುಳನ್ನು ಮೊದಲೇ ಹೇಳಿಬಿಡಬೇಕು. ಇರುವ ಮರವನ್ನು ಅಳೆಯುವುದು ಸುಲಭ, ಮನೆಯಾದ ಮೇಲೂ ಮುಖ್ಯ ಕಂಬಗಳು, ಅಡ್ಡತೊಲೆಗಳು ಕಾಣುತ್ತಲೇ ಇರುತ್ತವೆ. ಈಗ ಇಲ್ಲದ ಮರ ಹಿಂದೆ ಎಲ್ಲಿತ್ತು ಎಂದು ಹೇಳುವ, ಇನ್ನೊಂದು ಮರದ ತುದಿ ಕೂರಲು ಕೊರೆದ ಖಾಲಿ ಕುಳಿಗಳು, ತೂತುಗಳು, ಗೀರುಗಳು, ಮಸಿ ಮಾತ್ರ ಇನ್ಸುಲೇಷನ್ನಿನ ಹಿಂದೆ, ಹೊಸ ಮಹಡಿಯ ಜಂತಿಯ ಮೇಲೆ, ಪ್ಲಾಸ್ಟರ್‌ಬೋರ್ಡಿನ ಒಳಗೆ ಹೋಗಿಬಿಡುತ್ತವೆ. ಸಮಯವನ್ನು ಖರ್ಚು ಮಾಡಬೇಕಾದದ್ದು ಅಲ್ಲಿ.

ಕಾನೂನಿನ ವಿಷಯ ಚುಟುಕಾಗಿ. ರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಅನುಮತಿ ಕೊಡುವಾಗ ಸ್ಥಳೀಯ ಆಡಳಿತ ಸಾಮಾನ್ಯವಾಗಿ ದಾಖಲೆಯ ಷರತ್ತು ಹಾಕುತ್ತದೆ. ಕೆಲಸದ ಯೋಜನೆಯನ್ನು ಬರೆದು ಪುರಾತತ್ವ ಸಲಹೆಗಾರರಿಂದ ಒಪ್ಪಿಗೆ ಪಡೆಯಬೇಕು. ದಾಖಲೆ ಮಾಡುತ್ತೇವೆ ಎಂಬುದೇ ಕೆಡವಲು ಪರವಾನಗಿಯಲ್ಲ. ದಾಖಲಿಸಲು ಸಾಧ್ಯವಿದೆ ಎಂಬ ಕಾರಣಕ್ಕೆ ನಷ್ಟವನ್ನು ಒಪ್ಪಬಾರದು ಎಂದು ಇಂಗ್ಲೆಂಡಿನ ರಾಷ್ಟ್ರೀಯ ಯೋಜನಾ ನೀತಿಯೇ ಹೇಳುತ್ತದೆ. ಪಟ್ಟಿಯಲ್ಲಿಲ್ಲದ ಕೃಷಿ ಕಟ್ಟಡಗಳ ಕಥೆ ಬೇರೆ. 2014ರಿಂದ ಅವು ಪೂರ್ಣ ಅರ್ಜಿಯಿಲ್ಲದೆ ಮನೆಯಾಗಬಹುದು, ಕ್ಲಾಸ್ ಕ್ಯೂ ಎಂದು ಕರೆಯುವ ದಾರಿಯಲ್ಲಿ. ಅಲ್ಲಿ ಆಡಳಿತ ನೋಡುವುದು ರಸ್ತೆ, ಸದ್ದು, ಮಣ್ಣಿನ ಮಾಲಿನ್ಯ, ನೆರೆ, ವಿನ್ಯಾಸ, ಬೆಳಕು ಇಂಥವನ್ನು. ಇತಿಹಾಸ ಆ ಪಟ್ಟಿಯಲ್ಲಿಲ್ಲ. 18–19ನೇ ಶತಮಾನದ ಎಷ್ಟೋ ಒಳ್ಳೆಯ ಚೌಕಟ್ಟುಗಳು ಒಂದು ಫೋಟೊ ಕೂಡ ಇಲ್ಲದೆ ಮುಚ್ಚಿಹೋಗುವ ದಾರಿ ಇದು. ಅಂಥ ಮಾಲೀಕರನ್ನು ಕೇಳಿಕೊಂಡು ಅರ್ಧ ದಿನ ಒಳಗೆ ಓಡಾಡಿ ಬಂದರೂ ಲಾಭವೇ.

ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ದಾಖಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. 1 ಎಂದರೆ ಹೊರನೋಟದ ಗುರುತು. 2ರಲ್ಲಿ ಒಳಹೊಕ್ಕು ನೋಡಿದ ವಿವರಣೆ ಇರುತ್ತದೆ. 3ರಲ್ಲಿ ಕಟ್ಟಡ ಹೇಗೆ ಬೆಳೆಯಿತು ಎಂಬ ವಿಶ್ಲೇಷಣೆ, ಅಳತೆಯ ನಕ್ಷೆಗಳು ಸೇರುತ್ತವೆ. 4ರಲ್ಲಿ ಇದೆಲ್ಲದರ ಜೊತೆ ಊರು, ಪ್ರಾಂತ್ಯ, ಇತಿಹಾಸದ ಹಿನ್ನೆಲೆಯಲ್ಲಿ ಕಟ್ಟಡದ ಮಹತ್ವದ ಪೂರ್ಣ ಚರ್ಚೆ. ಮನೆಯಾಗಲಿರುವ ಓಕ್ ಬಾರ್ನ್‌ಗೆ 3ಕ್ಕಿಂತ ಕಡಿಮೆಯಾದರೆ ಸಾಲದು ಎಂಬುದು ನನ್ನ ಅಭಿಪ್ರಾಯ. 2ನೇ ಹಂತದ ವರದಿಯಲ್ಲಿ "ಐದು ಅಂಕಣದ ಬಾರ್ನ್, ಬಹುಶಃ 17ನೇ ಶತಮಾನ" ಎಂಬ ಸಾಲು ಇರುತ್ತದೆ, ಆ ಬಹುಶಃ ಎಲ್ಲಿಂದ ಬಂತು ಎಂದು ಪರೀಕ್ಷಿಸಲು ಬೇಕಾದ ಒಂದು ಕೀಲಿನ ಚಿತ್ರವೂ ಇರುವುದಿಲ್ಲ.

ಸ್ಥಳಕ್ಕೆ ಹೋಗುವ ಮೊದಲು ಹಳೆಯ ನಕ್ಷೆ ನೋಡಬೇಕು. 1836ರ ಕಾಯ್ದೆಯ ನಂತರ ತಯಾರಾದ ಟೈದ್ (ಚರ್ಚಿಗೆ ಸಲ್ಲುತ್ತಿದ್ದ ಹತ್ತರಲ್ಲೊಂದು ಪಾಲು) ನಕ್ಷೆಗಳು, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಮೈಲಿಗೆ 25 ಇಂಚಿನ ನಕ್ಷೆಗಳು, ಹಳೆಯ ಹರಾಜು ಪತ್ರಗಳು. ನಕ್ಷೆಯಲ್ಲಿ ಉದ್ದವಾಗಿದ್ದ ಕಟ್ಟಡ ಈಗ ಮೋಟಾಗಿದ್ದರೆ ಯಾವ ತುದಿಯ ಕಂಬದಲ್ಲಿ ಖಾಲಿ ಕುಳಿ ಹುಡುಕಬೇಕು ಎಂದು ಮೊದಲೇ ಗೊತ್ತಾಗುತ್ತದೆ. ಬಾವಲಿಗಳ ವಿಷಯವನ್ನೂ ಆಗಲೇ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಎಲ್ಲ ಬಾವಲಿಗಳಿಗೂ ಕಾನೂನಿನ ರಕ್ಷಣೆ ಇದೆ, ಅವು ಮಲಗುವುದು ಮರ ಕಳಚಿದ ಇಂಥ ಖಾಲಿ ಕುಳಿಗಳಲ್ಲೇ. ಪರವಾನಗಿ ಇರುವ ತಜ್ಞರು ನೋಡಿ ಹೇಳುವ ತನಕ ಕುಳಿಯೊಳಗೆ ಕಡ್ಡಿ ಆಡಿಸುವುದಾಗಲಿ ಎಂಡೋಸ್ಕೋಪ್ ತೂರಿಸುವುದಾಗಲಿ ಕೂಡದು. ಕಣಜದ ಗೂಬೆ ಗೂಡು ಕಟ್ಟಿದ್ದರೆ ಮರಿಗಳು ಹಾರುವವರೆಗೆ ಆ ತುದಿಯ ಕೆಲಸ ನಿಲ್ಲಬೇಕು.

ದಾಖಲೆಯನ್ನು ಒಂದೇ ಭೇಟಿಯಲ್ಲಿ ಮುಗಿಸುವ ಒಪ್ಪಂದ ಮಾಡಿಕೊಳ್ಳಬೇಡಿ. ಮೊದಲ ಸುತ್ತು ಸಾಮಾನು, ಹುಲ್ಲು ಖಾಲಿ ಮಾಡಿದ ಮೇಲೆ, ಯಾವ ಮರವನ್ನೂ ಮುಟ್ಟುವ ಮುನ್ನ. ಎರಡನೆಯದು ಹೊರಗಿನ ಹಲಗೆ ಬಿಚ್ಚಿ, ಹೆಂಚು ಇಳಿಸಿ, ಅಟ್ಟಣಿಗೆ ಕಟ್ಟಿದಾಗ. ಸಣ್ಣ ಕಂಬಗಳ ಹೊರಮೈ, ಗೋಡೆತೊಲೆಯ ಮೇಲ್ಮೈ ಕಾಣುವುದು ಆಗ ಮಾತ್ರ, ಆ ಅವಕಾಶ ಕೆಲವೇ ದಿನ ಇರುತ್ತದೆ. ಮೂರನೆಯದು ಬಡಗಿಗಳು ಕೊಳೆತ ಭಾಗ ಕತ್ತರಿಸಿ ಹೊಸ ಓಕ್ ಜೋಡಿಸುವಾಗ. ಎರಡನೇ ಸುತ್ತಿನ ದಿನಾಂಕವನ್ನು ಗುತ್ತಿಗೆದಾರರ ವೇಳಾಪಟ್ಟಿಯಲ್ಲೇ ಬರೆಸಿಡಬೇಕು. ಇಲ್ಲವಾದರೆ ಹಲಗೆ ಬಿಚ್ಚಿದ ಮರುದಿನವೇ ನೀರು ತಡೆದು ಆವಿ ಹೊರಬಿಡುವ ಪೊರೆ ಹೊದಿಸಿ ಮೊಳೆ ಹೊಡೆದಿರುತ್ತಾರೆ, ಮಳೆಯ ಭಯಕ್ಕೆ ಅವರು ಹಾಗೆ ಮಾಡುವುದು ನ್ಯಾಯವೂ ಹೌದು.

ಎಲ್ಲಕ್ಕಿಂತ ಮೊದಲು ಒಂದು ವಿಷಯವನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ: ಮರಕ್ಕೆ ಮರಳು ಊದುವ ಯಂತ್ರ ಹಿಡಿಯಬಾರದು. ಮರ ಹೊಂಬಣ್ಣಕ್ಕೆ ಬರಲಿ ಎಂದು ಮನೆ ಕೊಳ್ಳುವವರು ಆಸೆ ಪಡುತ್ತಾರೆ. ಆ ಊದುವಿಕೆ ಮೇಲಿನ ಒಂದೆರಡು ಮಿಲಿಮೀಟರ್ ಮರವನ್ನು ತೆಗೆದುಹಾಕುತ್ತದೆ, ಬಾಚಿಯ ಗುರುತು, ಬಡಗಿಯ ಅಂಕಿ, ಹೊಗೆಯ ಮಸಿ, ಸುಣ್ಣದ ಪದರ ಎಲ್ಲವೂ ಇರುವುದು ಆ ಮಿಲಿಮೀಟರ್‌ಗಳಲ್ಲೇ. ಮೆದು ಕುಂಚ, ವ್ಯಾಕ್ಯೂಮ್ ಸಾಕು.

ಈಗ ಅಳತೆ. ಚೌಕಟ್ಟುಗಳಿಗೆ ನಮ್ಮ ಹೆಸರು ಅಕ್ಷರಗಳಲ್ಲಿರಲಿ. ಬಡಗಿಗಳು ತಮ್ಮ ಅಂಕಿಗಳನ್ನು ಆಗಲೇ ಕೆತ್ತಿಟ್ಟಿರುತ್ತಾರೆ. ನಾವೂ ಅಂಕಿ ಹಾಕಿದರೆ ವರದಿಯಲ್ಲಿ "ಚೌಕಟ್ಟು 3" ಯಾರದ್ದು ಎಂಬ ಗೊಂದಲ ಹುಟ್ಟುತ್ತದೆ. ಒಂದು ತುದಿಯಿಂದ ಎ, ಬಿ, ಸಿ. ಅಂಕಣಕ್ಕೆ ಎ–ಬಿ, ಬಿ–ಸಿ. ಕಂಬಕ್ಕೆ ದಿಕ್ಕು ಸೇರಿಸಿದರೆ ಆಯಿತು. ನೆಲ ಸಮತಟ್ಟಾಗಿರುವುದಿಲ್ಲ, ತೊಲೆಗಳು ಜೋತಿರುತ್ತವೆ. ಹಾಗಾಗಿ ಲೇಸರ್ ಲೆವೆಲ್‌ನಿಂದ ಸುತ್ತ ಒಂದೇ ಮಟ್ಟದ ರೇಖೆ ಹಾಕಿಕೊಂಡು ಎಲ್ಲ ಎತ್ತರವನ್ನೂ ಅದರಿಂದಲೇ ಅಳೆಯಬೇಕು. ನೆಲನಕ್ಷೆ, ಪ್ರತಿ ಭಿನ್ನ ಚೌಕಟ್ಟಿನ ಅಡ್ಡಸೀಳು, ಎರಡೂ ಗೋಡೆಗಳ ಒಳಮೈ ಕಾಣುವ ಉದ್ದಸೀಳು: ಇವು 1:50ರಲ್ಲಿ. ಕೀಲುಗಳು 1:10 ಅಥವಾ 1:20ರಲ್ಲಿ, ಅಚ್ಚುಕೆತ್ತನೆ ಇದ್ದರೆ ನಿಜಗಾತ್ರದಲ್ಲಿ. ಸಮಯ ಕಡಿಮೆಯಿದ್ದರೆ ನೆಲನಕ್ಷೆಯನ್ನು ಸರಳವಾಗಿಸಿ, ಉದ್ದಸೀಳನ್ನು ಬಿಡಬೇಡಿ. ಗೋಡೆಯಲ್ಲಿ ಬಾಗಿಲು, ಕಿಟಕಿ, ಓರೆ ಆಸರೆಗಳ ಇತಿಹಾಸವೆಲ್ಲ ಓದಲು ಸಿಗುವುದು ಅದರಲ್ಲೇ. ಮೀಟರಿನ ಜೊತೆ ಅಡಿ ಲೆಕ್ಕವನ್ನೂ ಬರೆಯಿರಿ. ಕಟ್ಟಿದವರು ಯೋಚಿಸಿದ್ದು ಅಡಿಯಲ್ಲಿ ಮತ್ತು 16½ ಅಡಿಯ ರಾಡ್‌ನಲ್ಲಿ.

ಲೇಸರ್ ಸ್ಕ್ಯಾನರ್ ಬಂದ ಮೇಲೆ ಕೈಚಿತ್ರ ಬೇಡ ಎನ್ನುವವರು ಹೆಚ್ಚಾಗಿದ್ದಾರೆ. ಸ್ಕ್ಯಾನರ್‌ನಿಂದ ಬಾಗು, ವಾಲು, ಒಟ್ಟು ಆಕಾರ ನಿಖರವಾಗಿ ಸಿಗುತ್ತದೆ. ಆದರೆ ನೆಲದ ಮೇಲೆ ನಿಲ್ಲಿಸಿದ ಯಂತ್ರಕ್ಕೆ ಅಡ್ಡತೊಲೆಯ ಮೇಲ್ಮೈ ಕಾಣದು, ಕುಳಿಯ ಆಳ ಕಾಣದು, 5 ಮಿಲಿಮೀಟರ್ ಅಂತರದ ಬಿಂದುಗಳಲ್ಲಿ ಒಂದು ಮಿಲಿಮೀಟರ್ ಗೀರು ಮಾಯವಾಗುತ್ತದೆ. ಇದು ಖಾಲಿ ಕುಳಿಯೋ ಇಲಿ ಕೊರೆದ ತೂತೋ ಎಂದು ಅದು ಕೇಳುವುದೂ ಇಲ್ಲ. ಸ್ಕ್ಯಾನರ್ ಕೊಡುವ ಬಿಂದುಗಳ ರಾಶಿಯಿಂದ ತೆಗೆದ ರೇಖಾಚಿತ್ರವನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಏಣಿ ಹತ್ತಿ, ಪೆನ್ಸಿಲ್ಲಿನಿಂದ ಪ್ರತಿ ಕುಳಿ, ಪ್ರತಿ ಮರದ ಮೊಳೆ, ಪ್ರತಿ ಕಚ್ಚನ್ನು ತುಂಬುವುದೇ ಸರಿಯಾದ ಕ್ರಮ.

ಏನನ್ನು ಹುಡುಕಬೇಕು? ಮೊದಲು ಅಡ್ಡತೊಲೆಯ ಅಡಿಮೈ. ಅಲ್ಲಿ ಸಾಲಾಗಿ ಖಾಲಿ ಕುಳಿಗಳಿದ್ದರೆ ಆ ಚೌಕಟ್ಟು ಹಿಂದೆ ಮುಚ್ಚಿದ ಗೋಡೆಯಾಗಿತ್ತು ಎಂದರ್ಥ, ಬಾರ್ನ್‌ನ ಒಂದು ತುದಿ ಲಾಯವೋ ಕಾಳಿನ ಕೋಣೆಯೋ ಆಗಿದ್ದಿರಬಹುದು. ಕುಳಿಗಳ ನಡುವೆ ಬೈರಿಗೆಯಿಂದ ಕೊರೆದ ದುಂಡು ತೂತುಗಳು ಸಾಲಾಗಿದ್ದು, ಎದುರಿನ ಕೆಳತೊಲೆಯಲ್ಲಿ ಉದ್ದ ತೋಡು ಇದ್ದರೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಟ್ಟಿ ಇತ್ತು ಎಂದು ತಿಳಿಯಬೇಕು. ಗೋಡೆತೊಲೆಯ ಅಡಿಯಲ್ಲಿ 45 ಡಿಗ್ರಿ ತಿರುಗಿಸಿ ಕೊರೆದ ಚೌಕ ಕುಳಿಗಳು ಕಂಡರೆ ಅದು ಗಾಜಿಲ್ಲದ ಹಳೆಯ ಕಿಟಕಿಯ ಕಂಬಿಗಳ ಜಾಗ. ಪಕ್ಕದಲ್ಲಿ ಜಾರುವ ಕದದ ತೋಡೂ ಇರಬಹುದು. ಅಂಥ ಕಿಟಕಿ ಬಾರ್ನ್‌ಗೆ ಸಲ್ಲುವಂಥದಲ್ಲ, ಕಟ್ಟಡ ಮೊದಲು ಮನೆಯೇ ಆಗಿತ್ತೋ ಅಥವಾ ಆ ತೊಲೆ ಮನೆಯೊಂದರಿಂದ ಬಂದಿತೋ ಎಂದು ಅಲ್ಲಿಂದ ಅನುಮಾನಿಸಬೇಕು. ಪಕಾಸಿಗಳ ಮೇಲೆ ಹೊಳೆಯುವ ಕಪ್ಪು ಮಸಿ ಇದ್ದರೂ ಇದೇ ಪ್ರಶ್ನೆ: ಚಿಮಣಿಯಿಲ್ಲದೆ ನಡುಮನೆಯಲ್ಲೇ ಬೆಂಕಿ ಉರಿಯುತ್ತಿದ್ದ ಮಧ್ಯಯುಗದ ಮನೆಯ ಪಕಾಸಿಗಳು ಅವು. ಮಸಿ ಎಲ್ಲ ಪಕಾಸಿಗಳ ಮೇಲೂ ಒಂದೇ ಸಮ ಇದೆಯೋ, ಅಲ್ಲೊಂದು ಇಲ್ಲೊಂದು ಇದೆಯೋ ಎಂಬುದನ್ನು ಬರೆದರೆ ಉತ್ತರ ಅರ್ಧ ಸಿಕ್ಕಂತೆ. ಚೆದುರಿದ ಮಸಿ ಎಂದರೆ ಮರುಬಳಕೆ.

ಸಂಬಂಧವಿಲ್ಲದ ಕುಳಿಗಳಿರುವ ತೊಲೆ ಕಂಡರೆ ಹಳೆಯ ಹಡಗಿನ ಮರ ಎಂದು ಊರಿನವರು ಹೇಳುತ್ತಾರೆ. ಬಹುಮಟ್ಟಿಗೆ ಅದು ನೆರೆಯಲ್ಲೇ ಕೆಡವಿದ ಇನ್ನೊಂದು ಕಟ್ಟಡದ್ದು. ಕುಳಿಗಳ ಅಂತರವನ್ನು ಅಳೆದು ಬರೆದಿಟ್ಟರೆ ಆ ಕಾಣೆಯಾದ ಕಟ್ಟಡದ ಒಂದು ಗೋಡೆಯನ್ನಾದರೂ ಕಾಗದದ ಮೇಲೆ ಮತ್ತೆ ನಿಲ್ಲಿಸಬಹುದು.

ಗೋಡೆತೊಲೆ ಒಂದೇ ಮರವಲ್ಲ, ಎರಡು ಮೂರು ತುಂಡು ಸೇರಿಸಿದ್ದು. ಆ ಜೋಡಣೆಯ ಬಗೆ ಕಾಲವನ್ನು ಸೂಚಿಸುತ್ತದೆ ಎಂದು ಎಸೆಕ್ಸ್‌ನ ಬಾರ್ನ್‌ಗಳನ್ನೇ ಆಧರಿಸಿ ತೋರಿಸಿಕೊಟ್ಟವರು ಸೆಸಿಲ್ ಹ್ಯೂವಿಟ್. ಓರೆಯಾಗಿ ಸೀಳಿ ತುದಿಗಳನ್ನು ಒಳಗೆ ಕಚ್ಚಿಸಿದ ಉದ್ದನೆಯ ಜೋಡಣೆ ಮಧ್ಯಯುಗದ ಕಡೆ ಬೆರಳು ತೋರಿಸುತ್ತದೆ. ಮಗ್ಗುಲಿನಿಂದ ಅರ್ಧ ಕತ್ತರಿಸಿ ತೆಳು ನಾಲಿಗೆ ತೂರಿಸಿದ ಚಿಕ್ಕ ಜೋಡಣೆ 16ನೇ ಶತಮಾನದ ನಡುವಿನಿಂದ ಈಚಿನದು. ಅವರು ಹೇಳಿದ ಕೆಲವು ಕಾಲಗಳನ್ನು ಉಂಗುರಗಣನೆ (ಮರದ ವಾರ್ಷಿಕ ಉಂಗುರಗಳನ್ನು ಅಳೆದು ಹೊಂದಿಸಿ ಕಾಲ ಹೇಳುವ ವಿಧಾನ) ನಂತರ ತಿದ್ದಿದೆ, ನೋಡುವ ವಿಧಾನ ಮಾತ್ರ ಇಂದಿಗೂ ಗಟ್ಟಿ. ಜೋಡಣೆಯಲ್ಲಿ ಯಾವ ತುಂಡು ಕೆಳಗಿದೆ ಎಂದು ಗುರುತಿಸಿ: ಕೆಳಗಿನದು ಮೊದಲು ಕೂತಿತು, ಮೇಲಿನದು ಆಮೇಲೆ. ಹೀಗೆ ಕಟ್ಟಡವನ್ನು ಯಾವ ತುದಿಯಿಂದ ಎತ್ತಿ ನಿಲ್ಲಿಸಿದರು ಎಂಬುದೇ ಹೊರಬೀಳುತ್ತದೆ.

ಬಡಗಿಯ ಅಂಕಿಗಳು ಇನ್ನೂ ಹೆಚ್ಚು ಹೇಳುತ್ತವೆ. ಚೌಕಟ್ಟನ್ನು ಅಂಗಳದಲ್ಲಿ ಮಲಗಿಸಿ ಒಂದೊಂದು ಕೀಲನ್ನೂ ಅದರದೇ ಜೋಡಿಗೆ ಹೊಂದಿಸಿ ಕಡಿಯುತ್ತಿದ್ದರು, ಬಿಚ್ಚಿ ಸ್ಥಳಕ್ಕೆ ಒಯ್ದ ಮೇಲೆ ಅದಲುಬದಲಾಗದಿರಲು ಅಂಕಿ. ರೋಮನ್ ಅಂಕಿಗಳೇ, ಆದರೆ ನಾಲ್ಕು ಎಂದರೆ ನಾಲ್ಕು ಗೀರು, ಒಂಬತ್ತು ಎಂದರೆ ಐದರ ಗುರುತಿನ ಮುಂದೆ ನಾಲ್ಕು. ತಲೆಕೆಳಗಾಗಿ ಓದಿದರೂ ಅರ್ಥ ಕೆಡಬಾರದಲ್ಲ. ಒಂದು ಮಗ್ಗುಲಿನ ಕೀಲುಗಳಿಗೆ ಪುಟ್ಟ ಬಾಲವೊಂದನ್ನು ಸೇರಿಸಿ ಎಡ ಬಲ ಬೇರೆ ಮಾಡುತ್ತಿದ್ದರು. ಮರದ ಮೊಳೆ ಹೊಡೆದ ಮೈಯಲ್ಲೇ ಅಂಕಿಯೂ ಇರುತ್ತದೆ, ಆದ್ದರಿಂದ ಪ್ರತಿ ಚೌಕಟ್ಟಿನ ಮುಖ ಯಾವ ಕಡೆ ಎಂದು ಮೊದಲು ನಿರ್ಧರಿಸಿ ಆಮೇಲೆ ಹುಡುಕಿ. ಹಿಡಿಟಾರ್ಚನ್ನು ಮರಕ್ಕೆ ಒತ್ತಿ ಮಗ್ಗುಲಿನಿಂದ ಬೆಳಕು ಹಾಯಿಸಿದರೆ ಮಸುಕಾದ ಗೀರೂ ನೆರಳು ಬಿಟ್ಟು ಏಳುತ್ತದೆ. ಅಂಕಿಗಳು 1, 2, 4, 5 ಎಂದಿದ್ದರೆ 3 ಎಲ್ಲಿ ಹೋಯಿತು ಎಂಬುದು ಬಹಳ ಒಳ್ಳೆಯ ಪ್ರಶ್ನೆ: ಒಂದು ಅಂಕಣ ಕಳಚಿದೆ, ಇಲ್ಲವೇ ಕಟ್ಟಡವೇ ಬೇರೆಡೆಯಿಂದ ಬಂದಿದೆ. ಸುತ್ತುಕೈವಾರದಿಂದ ಗೀಚಿದ ಆರೆಸಳಿನ ಹೂ, ಒಂದರೊಳಗೊಂದು ಹೆಣೆದ ಎರಡು ವಿ, ಕಣ್ಣೀರ ಹನಿಯ ಆಕಾರದ ಸುಟ್ಟ ಕಲೆ ಇವು ಬೇರೆ ಜಾತಿಯವು. ಕೆಡುಕು ಒಳಬರದಿರಲಿ ಎಂದು ಹಾಕಿದವು ಎಂಬ ಅರ್ಥ ಈಗ ಹೆಚ್ಚು ಒಪ್ಪಿತ. ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಬಾಗಿಲಿಗೆ ಎಷ್ಟು ಹತ್ತಿರ ಎಂಬುದನ್ನು ಬರೆಯಿರಿ, ಅರ್ಥ ಹಚ್ಚುವ ಕೆಲಸಕ್ಕೆ ಅವಸರ ಬೇಡ.

ಮರದ ಮೈಯನ್ನೂ ನೋಡಿ. ಕೊಡಲಿ, ಬಾಚಿಯಿಂದ ಚೌಕ ಮಾಡಿದ್ದೋ, ಇಬ್ಬರು ಹಿಡಿದು ಎಳೆದ ಉದ್ದ ಗರಗಸದ್ದೋ, ದುಂಡು ಗರಗಸದ ಕಮಾನು ಗೀರುಗಳೋ. ಕಮಾನು ಗೀರು ಇದ್ದ ಮರ 19ನೇ ಶತಮಾನಕ್ಕಿಂತ ಹಳೆಯದಾಗಿರುವ ಸಂಭವ ತೀರ ಕಡಿಮೆ. ಆಮದಾದ ಪೈನ್ ಮರದ ಮೇಲೆ ಬಾಲ್ಟಿಕ್ ಬಂದರಿನ ವ್ಯಾಪಾರಿಗಳು ಗೀಚಿದ ಗುರುತುಗಳು ಇರಬಹುದು. ಅವನ್ನು ಬಡಗಿಯ ಅಂಕಿ ಎಂದು ತಿಳಿದು ಸಾಲಿಗೆ ಸೇರಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಕಾಲ ನಿರ್ಣಯಕ್ಕೆ ಉಂಗುರಗಣನೆ. ಒಂದು ಕಟ್ಟಡ ಹಂತಕ್ಕೆ 8ರಿಂದ 10 ಮರಗಳಿಂದ ಬೆರಳು ದಪ್ಪದ ಕಡ್ಡಿಯಂಥ ಮಾದರಿ ಕೊರೆದು ತೆಗೆಯುತ್ತಾರೆ. ಕನಿಷ್ಠ 50 ಉಂಗುರ ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ತೊಗಟೆಯವರೆಗಿನ ಬಿಳಿಮರ (ಕಾಂಡದ ಹೊರಸುತ್ತಿನ ಮೆದು ಪದರ) ಪೂರ್ತಿ ಉಳಿದಿದ್ದರೆ ಮರ ಕಡಿದ ವರ್ಷ, ಕೆಲವೊಮ್ಮೆ ಋತು ಕೂಡ ಸಿಗುತ್ತದೆ. ಓಕನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರಾದ್ದರಿಂದ ಕಟ್ಟಿದ್ದೂ ಅದರ ಆಸುಪಾಸಿನಲ್ಲೇ. ಬಿಳಿಮರ ಕಳೆದುಹೋಗಿ ಅದರ ಗಡಿಯಷ್ಟೇ ಉಳಿದಿದ್ದರೆ ದಕ್ಷಿಣ ಇಂಗ್ಲೆಂಡಿನ ಓಕಿಗೆ 9ರಿಂದ 41 ಉಂಗುರ ಸೇರಿಸಿ ಒಂದು ಅವಧಿಯನ್ನು ಮಾತ್ರ ಹೇಳಬಹುದು. ಹುಳು ಮೊದಲು ತಿನ್ನುವುದೂ ಬಡಗಿ ಮೊದಲು ಕೆತ್ತಿ ತೆಗೆಯುವುದೂ ಇದೇ ಬಿಳಿಮರವನ್ನು. ಎಸೆಕ್ಸ್‌ನಲ್ಲಿ ಇನ್ನೊಂದು ತೊಡಕು: ಬೇಗ ಬೆಳೆದ ಓಕುಗಳು ಹೆಚ್ಚು, ದಪ್ಪ ತೊಲೆಯಲ್ಲೂ 50 ಉಂಗುರ ಇರುವುದಿಲ್ಲ, ಎಲ್ಮ್ ಮರವಾದರೆ ಹೊಂದಿಕೆ ಇನ್ನೂ ಕಷ್ಟ. ಅಂಥ ಮರಗಳಿಗೆ ಉಂಗುರಗಳ ಆಕ್ಸಿಜನ್ ಐಸೊಟೋಪ್ ಅಳೆಯುವ ಹೊಸ ವಿಧಾನ ಈಗ ದಾರಿ ಮಾಡಿಕೊಟ್ಟಿದೆ, ಖರ್ಚು ಜಾಸ್ತಿ. ರಿಪೇರಿಯಲ್ಲಿ ಕತ್ತರಿಸಿ ಎಸೆಯುವ ತುಂಡುಗಳನ್ನು ಬಡಗಿಗಳಿಂದ ಕೇಳಿ ಪಡೆಯಿರಿ. ಬಿಳಿಮರ ಇರುವ ಕಡೆಯಿಂದ ತೆಗೆದ 5 ಸೆಂಟಿಮೀಟರ್ ದಪ್ಪದ ಬಿಲ್ಲೆ ಕೊರೆದ ಯಾವ ಮಾದರಿಗಿಂತಲೂ ಮೇಲು. ಅದು ಯಾವ ಚೌಕಟ್ಟಿನ ಯಾವ ಕಂಬದ್ದು ಎಂದು ಕತ್ತರಿಸುವ ಮುನ್ನವೇ ಸೀಮೆಸುಣ್ಣದಲ್ಲಿ ಬರೆಸಬೇಕು. ರಾಶಿಗೆ ಬಿದ್ದ ಮೇಲೆ ಅದು ಬರಿ ಸೌದೆ.

ನೆಲವನ್ನು ಮರೆಯುವವರೇ ಹೆಚ್ಚು. ಒಕ್ಕುವ ಅಂಕಣದ ನೆಲ ಹಲಗೆಯದೋ, ಗಟ್ಟಿಸಿದ ಮಣ್ಣಿನದೋ, ಇಟ್ಟಿಗೆಯದೋ ಆಗಿರುತ್ತದೆ. ಮನೆಗೆ ಕಾಂಕ್ರೀಟು, ಇನ್ಸುಲೇಷನ್ನು, ನೆಲದಡಿ ಬಿಸಿನೀರಿನ ಕೊಳವೆ ಹಾಕಲು ಅಷ್ಟನ್ನೂ ಅಗೆದು ಹಾಕುತ್ತಾರೆ. ಅಗೆಯುವ ದಿನ ಪುರಾತತ್ವದವರು ಅಲ್ಲಿರಬೇಕೆಂದು ಷರತ್ತಿನಲ್ಲೇ ಸೇರಿಸಬೇಕು. ಹಳೆಯ ಪಕ್ಕಸಾಲಿನ (ನಡುಭಾಗದ ಮಗ್ಗುಲಿಗೆ ಉದ್ದಕ್ಕೂ ಇದ್ದ ಸಾಲು) ಕಂಬದ ಅಡಿಗಲ್ಲು, ಮೊದಲಿನ ಗೋಡೆಯ ಬುಡ ಸಿಗುವುದು ಆಗಲೇ. ಅಡಿಗಟ್ಟಿಗೆ ಕೆಳಗಿನಿಂದ ಕಾಂಕ್ರೀಟು ತುಂಬುವಾಗಲೂ ಹಾಗೆಯೇ.

ಫೋಟೊಗಳಲ್ಲಿ ಅಳತೆಕೋಲು ಇರಲಿ, ಪ್ರತಿ ಚಿತ್ರದ ಸ್ಥಳ ಮತ್ತು ದಿಕ್ಕು ಬಾಣದ ಗುರುತಾಗಿ ನೆಲನಕ್ಷೆಯ ಮೇಲೆ ಬೀಳಲಿ. ಮೂಲವನ್ನು ರಾ ಕಡತವಾಗಿ ತೆಗೆದು ಸಂಗ್ರಹಕ್ಕೆ ಟಿಫ್ ಆಗಿ ಕೊಡಿ. ವರದಿ ಜಿಲ್ಲೆಯ ಐತಿಹಾಸಿಕ ಪರಿಸರ ದಾಖಲೆಗೆ ಸೇರಬೇಕು, ಓಯಸಿಸ್ ಎಂಬ ರಾಷ್ಟ್ರೀಯ ನಮೂನೆಯಲ್ಲಿ ನೋಂದಣಿಯಾಗಬೇಕು, ಡಿಜಿಟಲ್ ಕಡತಗಳು ಯಾರ್ಕ್‌ನ ಪುರಾತತ್ವ ದತ್ತಾಂಶ ಸೇವೆಗೆ ಹೋಗಬೇಕು. ಅಲ್ಲಿ ಇಡಲು ಶುಲ್ಕವಿದೆ, ಅದನ್ನು ಮೊದಲ ಅಂದಾಜಿನಲ್ಲೇ ಸೇರಿಸಿ. ಏಣಿಯ ಮೇಲೆ ನಿಂತು ಪೆನ್ಸಿಲ್ಲಿನಲ್ಲಿ ತುಂಬಿದ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಜೊತೆಗಿಡಬೇಕು. ಶುದ್ಧ ನಕ್ಷೆಯಲ್ಲಿ ಬಿಟ್ಟುಹೋದ ಕುಳಿ, ಪ್ರಶ್ನಾರ್ಥಕ ಚಿಹ್ನೆ, ಅಳಿಸಿ ಮತ್ತೆ ಬರೆದ ಅಳತೆ ಅವುಗಳಲ್ಲಿ ಹಾಗೇ ಇರುತ್ತವೆ.